ಹಿಂದಕ್ಕೆ ನಡೆಯಬೇಡಿ

ಎರಡು ದಿನದಿಂದ ಒಂದೇ ಗೆರೆ ಈ ರಸ್ತೆ.
ಗಾರ್ತ್ ಸ್ಟೀರಿಂಗಿನಿಂದ ಕೈ ತೆಗೆಯದೆ
ಎದುರು ಬರುವ ಪ್ರತಿ ಲಾರಿಗೂ ಒಂದು ಬೆರಳು ಎತ್ತುತ್ತಾನೆ,
ಅವರೂ ಒಂದು ಬೆರಳು ಎತ್ತುತ್ತಾರೆ.
ಇಲ್ಲಿಯ ನಮಸ್ಕಾರ ಅಷ್ಟೇ.

ಬೆನ್ನಿಗೆ ಕಟ್ಟಿಕೊಂಡ ಕ್ಯಾರವಾನಿನಲ್ಲಿ
ತಟ್ಟೆಗಳು ಹಲ್ಲು ಕಡಿಯುತ್ತವೆ.
ಕಿಟಕಿಯ ಸಂದಿಯಲ್ಲಿ ನುಗ್ಗಿದ ಕೆಂಪು ಹುಡಿ
ಸಕ್ಕರೆ ಡಬ್ಬಿಯಲ್ಲಿ, ಟಾಮ್ಸಿನ್ನಳ ಕಿವಿಯಲ್ಲಿ,
ಮಾವ ಹಲ್ಲಿನ ಸೆಟ್ಟು ನೆನೆಹಾಕುವ ಲೋಟದಲ್ಲಿ.

ಮಾವ ಮರ್ವಿನ್, ಹಿಂದಿನ ಸೀಟಿನಲ್ಲಿ,
ಹೊರಟಾಗಿನಿಂದ ಹೇಳಿದ್ದೇ ಹೇಳುತ್ತಿದ್ದಾರೆ:
ಅರವತ್ತೆಂಟರಲ್ಲಿ, ನನಗೆ ಇಪ್ಪತ್ತೆರಡು,
ಗುಡ್ಡಕ್ಕೆ ಅಡ್ಡ ತೋಡಿದ್ದೆ, ನಲವತ್ತು ಅಡಿ, ಒಬ್ಬನೇ.
"ನೀರಿಗಾ?" ಅಂತ ರೋರಿ.
"ನೀರಿಗಲ್ಲ ಮಗು, ಬಣ್ಣಕ್ಕೆ."

ಊರು ಬಂತೆಂದು ಗೊತ್ತಾಗಿದ್ದು ಮಣ್ಣಿನ ಗುಡ್ಡೆಗಳಿಂದ.
ಬೂದಿಬಿಳುಪು, ಸಾಲಿಲ್ಲ, ಲೆಕ್ಕವಿಲ್ಲ,
ಹೆಗ್ಗಣಗಳು ರಾತ್ರಿಯಿಡೀ ಜಗಳವಾಡಿ ಎರಚಿದ ಹಾಗೆ.
ಮನೆಗಳೆಲ್ಲ ನೆಲದೊಳಗೆ;
ಉಸಿರಾಡಲು ಮೇಲೆ ಕೊಳವೆ ಚಾಚಿಕೊಂಡಿವೆ.
ಹುಲ್ಲಿಲ್ಲದ ಗಾಲ್ಫ್ ಮೈದಾನದಲ್ಲಿ ಇಬ್ಬರು
ಹಸಿರು ಚಾಪೆಯ ತುಂಡನ್ನು ಕಂಕುಳಲ್ಲಿಟ್ಟುಕೊಂಡು
ಚೆಂಡಿನ ಹಿಂದೆ ನಡೆಯುತ್ತಿದ್ದರು, ಗಂಭೀರವಾಗಿ.

ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ಲವೀನಾ,
ಈ ನೆಲ ಮೊದಲಿನಿಂದಲೂ ಗುರುತು ಹಿಡಿಯುವ ಜನದವಳು.
ಊರಿನ ಹೆಸರಿಗೆ ಅರ್ಥವೇನು, ಟಾಮ್ಸಿನ್ ಕೇಳಿದಳು.
"ನಮ್ಮಜ್ಜಿಯ ಮಾತಿನಲ್ಲಿ? ಬಿಳಿಯನ ಬಿಲ."
ಚಿಲ್ಲರೆ ಎಣಿಸಿ ಕೊಟ್ಟಳು. ನಗಲಿಲ್ಲ.
ನಾವು ಹೊರಬಂದ ಮೇಲೆ
ಒಳಗೆ ನಗು ಕೇಳಿಸಿತು.

ಬೇಲಿಯಿಲ್ಲದ ಬಯಲಿನಂಚಿಗೆ ಒಂದು ಫಲಕ:
ಓಡಬೇಡಿ. ಆಳದ ಗುಂಡಿಗಳಿವೆ. ಹಿಂದಕ್ಕೆ ನಡೆಯಬೇಡಿ.
ಕ್ಯಾಮೆರಾ ಹಿಡಿದೇ ಬೀಳುತ್ತಿರುವ
ಒಬ್ಬ ಕಡ್ಡಿ ಮನುಷ್ಯನ ಚಿತ್ರ.
ರೋರಿಗೆ ಅವನ ಮೇಲೆ ಪ್ರೀತಿ ಉಕ್ಕಿತು.
ಕೀತ್ ಎಂದು ಹೆಸರಿಟ್ಟ.

ಮೂರನೆಯ ಬಾಗಿಲು ತಟ್ಟಿದಾಗ ತೆರೆದವಳು ದ್ರಾಗಿತ್ಸಾ,
ಕೈಯಲ್ಲಿ ಹಿಟ್ಟು, ಕಾಲಿಗೆ ರಬ್ಬರ್ ಚಪ್ಪಲಿ.
ಮಾವ ಏನೋ ತೊದಲಿದರು. ಆಕೆ ದಾರಿ ಬಿಟ್ಟಳು.
ಒಳಗೆ ತಂಪು. ಗೋಡೆಯೆಲ್ಲ ನಸುಗೆಂಪು ಕಲ್ಲು.
ಅಡುಗೆಮನೆಯ ಮೂಲೆಯಲ್ಲಿ ಮಾವ ನಿಂತುಬಿಟ್ಟರು:
ಪಿಕಾಸಿಯ ಗೀಟುಗಳೆಲ್ಲ ಅಲ್ಲಿ
ಉಳಿದ ಮನೆಗೆ ಬೆನ್ನು ತಿರುಗಿಸಿ ವಾಲಿವೆ.
ಎಡಚನ ಗೀಟು.
ಅಂಗೈ ಇಟ್ಟರು. ಹೊಂದಿತು.

"ಓ, ನೀವಾ ಅದು!" ಎಂದಳು ಆಕೆ.
"ಅಪ್ಪ ಬೈಯುತ್ತಲೇ ಇದ್ದರು, ಯಾವನೋ ಎಡಗೈಯವನು
ಗೋಡೆಯನ್ನೇ ಸೊಟ್ಟ ಮಾಡಿಟ್ಟಿದ್ದಾನೆ ಅಂತ."
ಆಮೇಲೆ, ತುಸು ತಡೆದು, ಹಿಟ್ಟಿನ ಕೈ ಒರೆಸಿಕೊಂಡು:
"ಸಾಮಾನು ಇಡಲು ಅಲ್ಲೊಂದು ಗೂಡು ಕೊರೆದೆವು.
ಎರಡಡಿ ಒಳಗೆ ಸಿಕ್ಕಿತು. ಹಸಿರು, ಕಿತ್ತಳೆ.
ದೊಡ್ಡದೇನಲ್ಲ."

ಎರಡಡಿ.
ಗಾರ್ತ್ ನೆಲ ನೋಡಿದ. ನಾನು ಗಾರ್ತನನ್ನು.
ನೀರು ತುಂಬಿದ ಕೆಟಲ್ಲು ಸದ್ದು ಮಾಡುತ್ತಿತ್ತು.
ಕೊನೆಗೆ ಮಾವ: "ಏನು ಮಾಡಿದಿರಿ ಅದನ್ನ?"
"ಮಾರಿ ಫ್ರಿಜ್ಜು ತಂದೆವು. ಅದೇ, ಅದು.
ಎಪ್ಪತ್ನಾಲ್ಕರದು. ಇನ್ನೂ ಕೆಟ್ಟಿಲ್ಲ."

ಮಾವ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದರು,
ತಮ್ಮದೇ ಮನೆಯಲ್ಲಿ ತೆಗೆದ ಹಾಗೆ.
ದೀಪ ಹತ್ತಿತು.
ಹಾಲು, ಎಲೆಕೋಸು, ಅರ್ಧ ಕಲ್ಲಂಗಡಿ.
ಬಹಳ ಹೊತ್ತು ನೋಡಿದರು.
"ಚೆನ್ನಾಗಿದೆ" ಎಂದರು.

ಸಂಜೆ, ಕ್ಯಾರವಾನಿನ ಮುಂದೆ, ಎಲ್ಲರೂ ಸೇರಿ ಒಂದು ಫೋಟೋ.
ದ್ರಾಗಿತ್ಸಾ ಕೂಡ, ಕೊಯ್ದ ಹಣ್ಣಿನ ತಟ್ಟೆಯೊಡನೆ.
ಎಲ್ಲರೂ ಹಿಡಿಸಲೆಂದು ಗಾರ್ತ್
ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು,
"ಅಪ್ಪಾ, ಕೀತ್!" ಕಿರುಚಿದ ರೋರಿ.

ಅಲ್ಲೇ ನಿಂತು ಒತ್ತಿದ.
ಹಾಗಾಗಿ ಆ ಫೋಟೋದಲ್ಲಿ ನಾನು ಅರ್ಧ,
ಕ್ಯಾರವಾನಿನದು ಒಂದು ಗಾಲಿ,
ಟಾಮ್ಸಿನ್ನಳಿಗೆ ಹಣೆಯಿಲ್ಲ.
ಮಾವನ ಎಡಗೈಯಲ್ಲಿ, ಆಗಷ್ಟೇ ಕಚ್ಚಿದ,
ಕಲ್ಲಂಗಡಿ ಹೋಳು ಮಾತ್ರ
ಪೂರ್ತಿ ಬಂದಿದೆ.