ಒಳಗ ಬಿಟ್ಟ ಬಟ್ಟಿ

ಬೀದರದ ಚೌಬಾರಾ ಹಿಂದಿನ ಗಲ್ಲ್ಯಾಗ ನನ್ನ ಮಷೀನು.
ಮದುವಿ ಸೀಸನ್‌ಗೆ ಶೇರವಾನಿ, ಜೂನ್‌ದಾಗ ಸಾಲಿ ಯೂನಿಫಾರಂ,
ನಡುವಿನ ಖಾಲಿ ದಿನಕ್ಕ
ಜಿಲ್ಲಾ ಟೀಮಿನ ಹುಡುಗೇರ ಅಂಗಿಗೆ ನಂಬರ್ ಹಚ್ಚೂದು.
ಒಂಬತ್ತು ಅಂದ್ರ ಗ್ರೇಸಿ,
ಮಂಗಲಪೇಟದ ಮಾಣಿಕಪ್ಪ ಮಾಸ್ತರ ಮಗಳು.

ಬಾಸ್ಕೆಟ್‌ಬಾಲ್ ನನಗೇನು ತಿಳೀತಿರಲಿಲ್ಲ.
ಅಂಗಿ ಕೊಡಲಿಕ್ಕ ಹೋದವ ನಿಂತೆ, ಅಷ್ಟೇ.
ಆಕಿ ಜಿಗದ್ಲು.
ಮ್ಯಾಲ ಹೋದಾಕಿ ಬರಲಿಕ್ಕ ತಡ ಮಾಡಿದ್ಲು,
ಗಾಳ್ಯಾಗ ಯಾರದೋ ಮನಿಗೆ ಹೋಗಿ
ಚಹಾ ಕುಡದು ಬಂದಂಗ.
ಅವತ್ತಿಂದ ಐದು ವರ್ಷಾತು,
ಗಿರಾಕಿ ಬಾಗಲದಾಗ ನಿಂತು ಬೈದರೂ
ಸಂಜಿ ಐದಕ್ಕ ಶಟರ್ ಅರ್ಧ ಇಳಸ್ತೀನಿ.

ರಾಯಚೂರಿನವ್ರ ಕೂಡ ಮ್ಯಾಚು. ಎರಡು ನಿಮಿಷ ಉಳದಿತ್ತು,
ಒಂದೇ ಪಾಯಿಂಟ್ ಹಿಂದಿದ್ದೆವು.
ಏರ್‌ಫೋರ್ಸ್ ವಿಮಾನ ತಲಿ ಮ್ಯಾಲ ಹಾದು ಹೋತು,
ಎಲ್ಲಾರೂ ಮಾರಿ ಎತ್ತಿದ್ರು.
ನಾ ಎತ್ತಲಿಲ್ಲ.
ಕಾಲು ಒಂದು ಕಡಿ, ಮೈ ಒಂದು ಕಡಿ ತಿರುಗಿ
ಆಕಿ ಇಳದದ್ದು ನೋಡ್ದೆ.
ಅಷ್ಟು ಗದ್ದಲದಾಗೂ ಕೇಳಿಸ್ತು ಅಂತೀನಿ,
ಕೋರಾ ಬಟ್ಟಿ ಹರದ ಸಪ್ಪಳ.
ಯಾರೂ ನಂಬಂಗಿಲ್ಲ.
ನಲವತ್ತು ವರ್ಷ ಆ ಸಪ್ಪಳದ ಮ್ಯಾಲೇ ರೊಟ್ಟಿ ತಿಂದೀನಿ,
ನನಗ ಗೊತ್ತಾಗಂಗಿಲ್ಲೇನು?

ಹೈದರಾಬಾದಿನಾಗ ಆಪರೇಶನ್ ಆತು.
ಆಕೀವೇ ತೊಡಿಯಾಗಿನ ನರ ತಗದು
ಮೊಣಕಾಲಿಗೆ ಹಚ್ಯಾರಂತ,
ಪ್ಯಾಂಟಿನ ಬಟ್ಟೀಲೇ ಪ್ಯಾಂಟ್ ರಫೂ ಮಾಡ್ದಂಗ.
ಒಂಬತ್ತು ತಿಂಗಳು ಅಂದಾರ ಡಾಕ್ಟರು.
ಅಂಗಿ ಮ್ಯಾಲಿನ ನಂಬರ್ ಓದಿ ಅಂದಾರೇನೋ.

ಜುಮ್ಮಾಕ್ಕೊಮ್ಮೆ ದುವಾ ಕೇಳ್ತೀನಿ.
ಖರೇ ಹೇಳ್ಲಿ?
ಪೈಲಾ ವಾರ, ಆಕಿ ನಡೀಲಿ ಅಂತ ಕೇಳ್ದೆ.
ಮುಂದಿನ ವಾರ, ಓಡ್ಲಿ.
ಮೂರನೇದಕ್ಕ, ಕಲಬುರಗಿ ಮೀಟಿಗೆ ತಯಾರಾಗ್ಲಿ,
ರಾಯಚೂರಿನವ್ರ ಎದುರು ಒಬ್ಬಾಕೀನೇ ಇಪ್ಪತ್ತು ಹೊಡೀಲಿ.
ಜಾನಿಮಾಜ್ ಮಡಚೂವಾಗ ನಾಚಿಕಿ ಬಂತು.
ಹುಡುಗಿಗಿ ಸಂಡಾಸಕ್ಕ ಕೂಡಲಿಕ್ಕ ಬರವಲ್ದು,
ಈ ಮುದುಕಗ ಇಪ್ಪತ್ತು ಪಾಯಿಂಟ್ ಬೇಕು.

ನಿನ್ನಿ ಮಧ್ಯಾಹ್ನ ಬಂದಿದ್ಲು.
ಆಟೋದಾಗಿಂದ ಮೊದಲ ಊರುಗೋಲು ಇಳೀತು.
'ಪಟ್ಟಿ ಮ್ಯಾಲ ಪ್ಯಾಂಟ್ ಏರವಲ್ದು ಮಾಮು, ಬಿಚ್ಚಿ ಕೊಡು.'
ಟೇಪು ಹಿಡದೆ. ಎಡ ತೊಡಿ ಎರಡು ಇಂಚು ಇಳದದ.
'ಎಷ್ಟದ?'
'ಅರ್ಧ ಇಂಚು ಕಮ್ಮಿ' ಅಂದೆ.
ನನ್ನ ಉಮರಿನಾಗ
ಅಳತಿ ತಪ್ಪು ಹೇಳಿದ್ದು ಅದೇ ಪೈಲಾ ಸಲ.

ಹೋದ ವರ್ಷ, ಬೆಳಿಯೋ ಹುಡುಗಿ ಅಂತ,
ಹೊಲಿಗಿ ಒಳಗ ಬಟ್ಟಿ ಬಿಟ್ಟಿದ್ದೆ.
ಅದನ್ನ ಈಗ ಪಟ್ಟಿ ಸಲುವಾಗಿ ಬಿಚ್ಚಬೇಕಾತು.
ದಾರ ಒಂದೊಂದೇ ಎಳದೆ, ಬ್ಲೇಡ್ ಹಚ್ಚಲಿಲ್ಲ.
'ಕತ್ತರಸಬ್ಯಾಡ ಮತ್ತ,' ಅಂದ್ಲು,
'ಆಮ್ಯಾಲ ಹಳಿ ಗುರ್ತಿನ ಮ್ಯಾಲೇ ಹೊಲೀಬೇಕು ನೀ.'

ಕರೆಂಟ್ ಹೋಗಿತ್ತು. ಫ್ಯಾನ್ ನಿಂತಿತ್ತು.
ಸ್ಟೂಲಿನ ಮ್ಯಾಲ ಕೂತಾಕಿ
ಕೆಳಗಿನ ಚಿಂದಿ ಆರಿಸಿ, ಉಂಡಿ ಮಾಡಿ,
ಮೂಲ್ಯಾಗಿನ ಬುಟ್ಟಿಗೆ ಒಗದ್ಲು.
ಅಂಚಿಗೆ ಬಡದು ಹೊರಗ ಬಿತ್ತು.

'ಗಾಳಿ ಅದ' ಅಂದೆ.
'ಎಲ್ಲದ ಗಾಳಿ ಮಾಮು?'
ನಕ್ಕಳೋ ಅತ್ತಳೋ, ಬೆಳಕು ಸಾಲಲಿಲ್ಲ.
ಬಗ್ಗಿ ಉಂಡಿ ತಂದು ಕೈಯಾಗಿಟ್ಟೆ.
ಅದನ್ನ ಇನ್ನಷ್ಟು ಬಿಗಿ ಹಿಚುಕ್ತಾ,
ಒಂದು ಕಣ್ಣು ಮುಚ್ಚಿ,
ಆಕಿ ಬುಟ್ಟಿ ನೋಡ್ಲಿಕ್ಕತ್ತಿದ್ಲು.