ದಾರದ ಅಳತೆ

ನನ್ನ ನಮೂನೆಯಲ್ಲಿ ಇರುವುದು ಒಂದೇ ಪ್ರಶ್ನೆ:
ಎರಡು ವಾರದಿಂದ ಕೆಮ್ಮುಂಟೆ?
ಉಂಟು ಎಂದರೆ ಕಫಕ್ಕೆ ಡಬ್ಬಿ ಕೊಡುತ್ತೇನೆ,
ಇಲ್ಲ ಎಂದರೆ ಗೀಟು ಎಳೆದು ಮುಂದಿನ ಮನೆ.
ಈ ಮೆಂಜ್ ಗುಡ್ಡಗಳಲ್ಲಿ ಮನೆಯಿಂದ ಮನೆಗೆ ಅರ್ಧ ಗಂಟೆ,
ನಡುವೆ ಬಾರ್ಲಿ ಹೊಲ, ಕುರಿ, ಮೂಳೆ ಹೊಕ್ಕುವ ಗಾಳಿ.

ಮಂತೆಗ್ಬೋಷ್ ಕೆಮ್ಮಲಿಲ್ಲ.
ನಾಲ್ಕು ಸುತ್ತು ಹೋದೆ, ನಾಲ್ಕೂ ಸಲ ಇಲ್ಲ.
ಹತ್ತೊಂಬತ್ತರ ಹುಡುಗಿ, ನೆತೆಲದ ಸೆರಗನ್ನು
ಗದ್ದದವರೆಗೆ ಸುತ್ತಿಕೊಂಡು ಕಾಫಿ ಬೀಜ ಹುರಿಯುತ್ತ
ಆ ಹೊಗೆಯಲ್ಲೂ ಕೆಮ್ಮಲಿಲ್ಲ.
ನಾಲ್ಕು ಗೀಟು. ಇವೆ ಇನ್ನೂ, ನನ್ನ ಕೈಯಲ್ಲೇ ಎಳೆದವು.

ಐದನೆಯ ಸಲ ಆಲಿಕಲ್ಲು ಬಿತ್ತು, ಹೊರಡಲಾಗದೆ ಕೂತೆ.
ತಾಯಿ ಯೆಶಿಹರೆಗ್ ಕರಿ ನೂಲು ಹೊಸೆಯುತ್ತಿದ್ದಳು.
ಯಾರಿಗೆ? ಎಂದೆ, ಮಾತಿಗೆ.
ಇವಳ ಮಾತೆಬಿಗೆ, ಎಂದಳು.
ಎಂಬತ್ತನೆಯ ದಿನ ಮಗುವಿಗೆ ನೀರು ಚಿಮುಕಿಸಿ
ಪಾದ್ರಿ ಕಟ್ಟುವ ಕೊರಳ ದಾರ, ಸತ್ತರೂ ಬಿಚ್ಚುವುದಿಲ್ಲ ನಾವು.
ಬಿಗಿಯಾಗಿದೆ ಹುಡುಗಿಗೆ, ವರುಷದಲ್ಲಿ ಇದು ಎರಡನೆಯ ಸಲ.

ಮೈಯೆಲ್ಲ ಬಡಕಲು.
ಕೊರಳೊಂದೇ ಬೆಳೆಯುವುದುಂಟೆ?

ನೆತೆಲ ಸರಿಸಿದಳು.
ಎಡ ಕಿವಿಯ ಬುಡದಿಂದ ಕತ್ತಿನ ಮೂಳೆಯವರೆಗೆ
ಒಂದಕ್ಕೊಂದು ಅಂಟಿದ ಗಂಟುಗಳು:
ಕಡಲೆಯಷ್ಟು, ಅವರೆಯಷ್ಟು, ಒಂದು ಪಾರಿವಾಳದ ಮೊಟ್ಟೆ.
ಕಂಠಮಾಲೆ ಎನ್ನುತ್ತಾರೆ ಇದಕ್ಕೆ.
ಮಾಲೆ ಎಂದವನು ತುಂಬ ದೂರದಿಂದ ನೋಡಿರಬೇಕು.
ಕೆಳಗಿನದು ಒಡೆದು ಒಸರುತ್ತಿತ್ತು, ನೋವಿಲ್ಲವಂತೆ.
ಪಕ್ಕದಲ್ಲಿ ಮೂರು ಬರೆ, ಕಾಯಿಸಿದ ಕುಡುಗೋಲಿನವು.
ಪವಿತ್ರ ಜಲದ ಚಿಲುಮೆಗೆ ಏಳು ಬೆಳಗು ಹೋಗಿದ್ದಳು, ಬರಿಹೊಟ್ಟೆಯಲ್ಲಿ.
ಹೆಣ್ಣು ಒಪ್ಪಿದ್ದ ಗಂಡಿನ ಕಡೆಯವರು
ಒಮ್ಮೆ ಬಂದು, ಲೋಟ ಮುಟ್ಟದೆ ಎದ್ದುಹೋಗಿದ್ದರು.
ಇದೆಲ್ಲ ನನ್ನ ಗೀಟುಗಳ ನಡುವಿನ ಜಾಗದಲ್ಲಿ.

ಅವಳ ಹೆಸರಿಗೆ ನಮ್ಮಲ್ಲಿ ಅರ್ಥ:
ನಿನ್ನ ನೋಡಿ ಯಾರಿಗೆ ತಾನೆ ಸಾಕೆನಿಸೀತು.

ಪಟ್ಟಣದಲ್ಲಿ ಗಂಟಿಗೆ ಸೂಜಿ ಚುಚ್ಚಿ ಒಂದು ಹನಿ ತೆಗೆದರು.
ಕ್ಷಯ, ಎಂದ ಡಾಕ್ಟರ.
ಕೆಮ್ಮಿಲ್ಲದ ಕ್ಷಯವೇ? ಎಂದಳು ತಾಯಿ,
ತಕ್ಕಡಿಯಲ್ಲಿ ಮೋಸ ಹಿಡಿದವಳ ಹಾಗೆ.
ಹಸಿ ಹಾಲು ಕುಡಿಯುತ್ತೀರಾ? ಕುಡಿಯುತ್ತೇವೆ,
ಕಾಯಿಸಿದರೆ ಸತ್ವ ಹೋಗುವುದಿಲ್ಲವೇ?
ಹಾಲೋ, ನೆರೆಯ ಯಾರದೋ ಉಸಿರೋ,
ಸೂಜಿ ಅಷ್ಟೆಲ್ಲ ಹೇಳಲಿಲ್ಲ.

ಆರು ತಿಂಗಳ ಮಾತ್ರೆ.
ಮೊದಲ ದಿನ ಉಚ್ಚೆ ಕೆಂಪಾಯಿತೆಂದು ಅತ್ತಳು.
ಎರಡನೆಯ ತಿಂಗಳು ಗಂಟು ಇಳಿಯುವ ಬದಲು ಊದಿತು.
ಮದ್ದು ಹತ್ತುವಾಗ ಹೀಗೂ ಆಗುತ್ತದೆ ಎಂದು
ತರಬೇತಿಯಲ್ಲಿ ಕೇಳಿದ್ದನ್ನು ಹೇಳಿದೆ,
ನನಗೇ ನಂಬಿಕೆಯಿಲ್ಲದ ದನಿಯಲ್ಲಿ.
ಒಂಬತ್ತು ದಿನ ನುಂಗಲಿಲ್ಲ.
ಹತ್ತನೆಯ ದಿನ ಅವಳ ಹೊಸ್ತಿಲಲ್ಲಿ ಕೂತೆ.
ಮೊದಲ ಕಾಫಿ ಆಯಿತು, ಎರಡನೆಯದೂ ಆಯಿತು,
ಯಾರೂ ಮಾತಾಡಲಿಲ್ಲ.
ಮೂರನೆಯ ಲೋಟ ನನ್ನ ಮುಂದಿಟ್ಟು
ಅಂಗೈ ಚಾಚಿದಳು.

ಈಗಲೂ ಸುತ್ತಿನಲ್ಲಿ ಕೆಮ್ಮು ಕೇಳುತ್ತೇನೆ, ಕೇಳಲೇಬೇಕು.
ಆಮೇಲೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡದ್ದು:
ಕೊರಳ ದಾರ ಬಿಗಿಯಾಯಿತೇ?
ದಾರ ಕಟ್ಟದ ಮುಸಲ್ಮಾನರ ಮನೆಗಳಲ್ಲಿ
ಅಂಗಿಯ ಮೇಲಿನ ಗುಂಡಿ ಎನ್ನುತ್ತೇನೆ, ಅಷ್ಟು ಸರಿ ಹೊಂದುವುದಿಲ್ಲ.
ಈ ವರುಷ ಏಳು ಜನ ಸಿಕ್ಕರು,
ಒಬ್ಬರಿಗೂ ಕೆಮ್ಮಿರಲಿಲ್ಲ.
ಕಚೇರಿಯವರು ಕಾಗದ ತಿರುಗಿಸಿ ತಿರುಗಿಸಿ ನೋಡಿ
ಇದನ್ನು ಯಾವ ಕಾಲಮ್ಮಿಗೆ ಹಾಕುವುದು ಎಂದರು.

ಮಂತೆಗ್ಬೋಷಳ ದಾರ ಸಡಿಲವಾಗಿದೆ.
ಕಲೆ ಹೋಗಿಲ್ಲ, ಸೆರಗೂ ಇಳಿದಿಲ್ಲ.
ಗಂಟು ಬಿಚ್ಚಿ ಅಳತೆಗೆ ಕಟ್ಟಬಾರದೇ ಎಂದರೆ
ಬಿಡು, ಜೋಲಾಡಲಿ, ಎನ್ನುತ್ತಾಳೆ ತಾಯಿ.
ಬೆಳಿಗ್ಗೆ ಎದ್ದವಳೇ
ಎರಡು ಬೆರಳು ತೂರಿಸಿ ನೋಡುತ್ತಾಳೆ.