ವಾರಕ್ಕೊಂದು ಪುಟ

ಎರಡು ಸಾವಿರದ ನಾನೂರೈವತ್ತು ಪೆಸೊ.
ಇಲೊಯಿಲೊ ಪೇಟೆಯಲ್ಲಿ, ಸಂತೆಯ ಹಿಂದಿನ ಅಂಗಡಿಯಲ್ಲಿ
ಚೌಕಾಸಿ ಮಾಡಿ ತಂದೆ, ಜೀಪ್ನಿಯಲ್ಲಿ
ತೊಡೆಯ ಮೇಲಿಟ್ಟುಕೊಂಡು, ಯಾರದೋ ಕೂಸಿನಂತೆ.
ಪಕ್ಕದ ಮೀನುಬುಟ್ಟಿಯವಳು ಪೆಟ್ಟಿಗೆ ಎತ್ತಿ ನೋಡಿದಳು:
"ಓವನ್ನಾ?"
"ಅಲ್ಲ, ಪ್ರಿಂಟರು."
"ಇಷ್ಟು ಹಗುರವಾ!"

ಹಗುರವೇ. ಭಾರವೆಲ್ಲ ಶಾಯಿಯಲ್ಲಿದೆಯೆಂದು
ಮೂರನೇ ತಿಂಗಳಿಗೆ ಗೊತ್ತಾಯಿತು.
ಕರಿಯದೊಂದು, ಬಣ್ಣದ್ದೊಂದು, ಎರಡು ಡಬ್ಬಿಗೆ
ಹೊಸ ಪ್ರಿಂಟರಿಗಿಂತ ನೂರೇ ಪೆಸೊ ಕಡಿಮೆ.
ಅಂಗಡಿಯ ಹುಡುಗ ನಾಚದೆ ಹೇಳಿದ:
"ಇನ್ನೊಂದು ಪ್ರಿಂಟರೇ ತಗೊಳ್ಳಿ, ಅದರೊಳಗೂ ಶಾಯಿ ಇರುತ್ತೆ."
ಮೂಗಿಗಿಂತ ಮೂಗುತಿ ಭಾರ,
ಹಾಗಂತ ಮೂಗನ್ನೇ ಬದಲಾಯಿಸು ಎಂಬ ಉಪದೇಶ.

ನಾನು ಆರೋಗ್ಯ ಕೇಂದ್ರದ ಸೂಲಗಿತ್ತಿ.
ಹಗಲು ಕೂಸುಗಳ ತೊಡೆಗೆ ಲಸಿಕೆ ಚುಚ್ಚುವ ಕೈ
ರಾತ್ರಿ ಡಬ್ಬಿಯ ಚೀಟಿ ಸುಲಿದು
ಸಾಸಿವೆಯಷ್ಟು ತೂತಿನಲ್ಲಿ ಸೂಜಿ ಇಳಿಸುತ್ತದೆ.
ನೀಲಿ ಎರಡು ಎಂ.ಎಲ್. ಕೆಂಪು ಎರಡು. ಹಳದಿ ಎರಡು.
ನಿಧಾನ. ಗುಳ್ಳೆ ಬಂದರೆ ನಿಲ್ಲು.
ಇದು ಮಾತ್ರ ಅಳುವುದಿಲ್ಲ.
ಸಂತೆಯ ಶಾಯಿ, ಬಾಟಲಿಗೆ ಎಂಬತ್ತು ಪೆಸೊ;
ಸಿರಿಂಜು ನನ್ನ ದುಡ್ಡಿನದು, ಕೇಂದ್ರದ್ದಲ್ಲ,
ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ.

ಬೆಳಿಗ್ಗೆ ತೋರುಬೆರಳ ಉಗುರು ನೀಲಿ.
ಸಾಲಿನಲ್ಲಿ ನಿಂತ ತಾಯಿಯೊಬ್ಬಳು:
"ಚುನಾವಣೆ ಯಾವಾಗಾಯ್ತು, ನಾಂಗ್ ಫ್ಲೋರ್ದಿ?
ನಮಗೆ ಯಾರೂ ಅಕ್ಕಿ ಹಂಚಲೇ ಇಲ್ಲವಲ್ಲ!"

ಬೀದಿಗೆಲ್ಲ ಗೊತ್ತು. ಕರೆಂಟು ಬಂದ ಕೂಡಲೆ ಕದ ತಟ್ಟುತ್ತಾರೆ.
ಹಡಗು ಸೇರಲು ಹೊರಟ ರೊಡೆಲಿಯೊನ ಅರ್ಜಿ;
ಪೆರ್ಪೆತುವಾಳ ಮಗಳ ಜ್ವಾಲಾಮುಖಿಯ ಚಿತ್ರ,
ನಡುವೆ ಕೆಂಪು ಮುಗಿದು ಬೆಟ್ಟ ಅರಿಸಿನ ಕಕ್ಕಿತು,
ಟೀಚರು ಹತ್ತಕ್ಕೆ ಏಳು ಕೊಟ್ಟರಂತೆ.
ಪುಟಕ್ಕೆ ಎರಡು ಪೆಸೊ. ಸತ್ತವರ ಪ್ರಾರ್ಥನೆಗೆ ದುಡ್ಡಿಲ್ಲ.

ಒಮ್ಮೊಮ್ಮೆ ಹಟ ಹಿಡಿಯುತ್ತದೆ:
ಹಳದಿ ಇಲ್ಲ, ಆದ್ದರಿಂದ ಕಪ್ಪನ್ನೂ ಕೊಡೆ.
ಅಣ್ಣನಿಗೆ ಜ್ವರ, ತಮ್ಮ ಶಾಲೆಗೆ ಚಕ್ಕರ್.
ಅದಕ್ಕೂ ಮದ್ದಿದೆ. ಕೆಂಪು ಗುಂಡಿಯನ್ನು
ಐದು ಸೆಕೆಂಡು ಒತ್ತಿ ಹಿಡಿ,
ತನ್ನ ಲೆಕ್ಕ ತಾನೇ ಮರೆತು ಮತ್ತೆ ಗೇಯುತ್ತದೆ.
ಅಕ್ಕಿ ಅಂಗಡಿಯ ಸಾಲದ ಪುಸ್ತಕದಲ್ಲೂ
ಇಂಥ ಗುಂಡಿ ಎಲ್ಲಾದರೂ ಇದ್ದೀತೆಂದು
ನನ್ನ ಗಂಡ ಹುಡುಕುತ್ತಿದ್ದಾನೆ.

ಆದರೆ ಸುಮ್ಮನಿಟ್ಟರೆ ಸಾಯುತ್ತದೆ.
ಏಳೆಂಟು ದಿನ ಬಾಯಿ ಬಿಡದಿದ್ದರೆ
ಗಂಟಲಲ್ಲಿ ಶಾಯಿ ಹೆಪ್ಪುಗಟ್ಟಿ,
ಬಿಸಿನೀರ ಬಟ್ಟೆಯಲ್ಲಿ ಎಷ್ಟು ಒರೆಸಿದರೂ
ಅಕ್ಷರದ ಹೊಟ್ಟೆಯಲ್ಲಿ ಬಿಳಿ ಗೆರೆ.
ಹಾಗಾಗಿ ಭಾನುವಾರ ರಾತ್ರಿ ಒಂದು ಪುಟ,
ಬೇಕಿರಲಿ, ಬೇಡದಿರಲಿ.
ಮೊದಮೊದಲು ನಾಲ್ಕು ಬಣ್ಣದ ಬರಿಯ ಪಟ್ಟಿ. ದಂಡ ಅನ್ನಿಸಿತು.
ಆಮೇಲೆ ಆ ವಾರ ನನ್ನ ಕೈಗೆ ಬಂದವರನ್ನು ಹಾಕತೊಡಗಿದೆ,
ಒಬ್ಬರಿಗೊಂದು ಬಣ್ಣ:
ಗಂಡು, ಮೂರು ಕಿಲೊ ಇನ್ನೂರು, ನೀಲಿ.
ಹೆಣ್ಣು, ಎರಡು ಎಂಟುನೂರು, ಹೆಸರಿಟ್ಟಿಲ್ಲ, ಹಳದಿ.
ಹಳದಿ ಸುಲಭಕ್ಕೆ ಓದಲಾಗದು,
ಕಣ್ಣಿಗೆ ಹತ್ತಿರ ಹಿಡಿಯಬೇಕು.
ಹಿಡಿಯುತ್ತೇನೆ.

ಸೆಪ್ಟೆಂಬರಿನ ಒಂದು ಭಾನುವಾರ ಒಂದೇ ಸಾಲು.
ತೆರೆಸಿಟಾಳ ಕೂಸು. ಹನ್ನೊಂದು ಗಂಟೆ ಇತ್ತು.
ಕಪ್ಪಿನಲ್ಲಿ ಹಾಕೋಣವೆಂದರೆ ಕಪ್ಪು ಖಾಲಿ,
ಸಂತೆ ಮುಚ್ಚಿದೆ.
ಯಂತ್ರ ತುಸು ಹೊತ್ತು ಗೊರಗುಟ್ಟಿ
ಇದ್ದಬದ್ದ ನೀಲಿ, ಕೆಂಪು, ಹಳದಿ ಮೂರನ್ನೂ ಕೂಡಿಸಿ
ಕಪ್ಪಿನಂಥದ್ದೊಂದು ಮಾಡಿಕೊಂಡಿತು.
ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಹಸಿರು.

ಹಾಳೆಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿವೆ.
ಹಿಂಬದಿ ಖಾಲಿ ತಾನೇ, ಗುಣಾಕಾರಕ್ಕೆ ಕೊಡು
ಎಂದು ಮಗ ಪೀಡಿಸುತ್ತಾನೆ.
ಕೊಡುತ್ತೇನೆ, ಒಂದನ್ನು ಬಿಟ್ಟು.

ಈಗ ಫೋನು ಬಂತು: ಸೇತುವೆಯಾಚೆ
ಯಾರಿಗೋ ನೋವು ಶುರುವಾಗಿದೆಯಂತೆ.
ಚಪ್ಪಲಿ ಮೆಟ್ಟುವ ಮುಂಚೆ
ಹಳದಿಗೆ ಎರಡು ಎಂ.ಎಲ್.